ಜೊಳ್ಳು ಕಾಯಿ

ಕಾರ್ತಿಕದ ಕಡೆಯ ಸೋಮವಾರ. ಬಸವನಗುಡಿಯ ಪರಿಷೆಯಲ್ಲಿ ರಾಯರು ಕಡಲೆಕಾಯಿಯ ರಾಶಿಯೊಂದರ ಮುಂದೆ ನಿಂತು, ರುಚಿ ನೋಡುವ ನೆಪದಿಂದ ಹತ್ತನೆಯ ಕಾಯಿಯನ್ನು ಒಡೆದರು. ಒಳಗೆ ಬೀಜವಿರಲಿಲ್ಲ.

“ಏನಪ್ಪಾ ಇದು, ಬರೀ ಜೊಳ್ಳು!”

ಚಿಂತಾಮಣಿಯ ಕಡೆಯಿಂದ ಬಂದಿದ್ದ ರೈತ ನಕ್ಕ. “ನಿಮಗೆ ಒಂದು ಕಾಯಿ ಜೊಳ್ಳು ಸ್ವಾಮಿ. ನಮಗೆ ಹೋದ ಸಲ ಹೊಲವೇ ಜೊಳ್ಳು.”

ಆ ವರ್ಷ ಮಳೆ ಕೈಕೊಟ್ಟಿರಲಿಲ್ಲ. ಸಾಲ ತಂದು ಹಾಕಿದ ಡಿಎಪಿ ಗೊಬ್ಬರಕ್ಕೆ ಗಿಡಗಳು ನೆರೆಯವರ ಕಣ್ಣು ಬೀಳುವಷ್ಟು ಹಸುರಾಗಿದ್ದವು. ಹಸುರನ್ನು ಕಂಡು ಬೆಳೆಯನ್ನು ಅಳೆಯುವುದು ಪೇಟೆಯವರು ಮಾತ್ರ ಮಾಡುವ ತಪ್ಪಲ್ಲ. ಕಿತ್ತ ದಿನ ಬುಡದಲ್ಲಿ ಕಾಯಿಗಳೂ ಇದ್ದವು. ಹಿಸುಕಿದರೆ ಬರಿಯ ಗಾಳಿ. ಹೆಂಡತಿಯ ಓಲೆ ಗಿರವಿಗೆ ಹೋಯಿತು.

ಕಡಲೆಕಾಯಿಯ ಬಾಳೇ ವಿಚಿತ್ರವಾದುದು. ಹೂ ಅರಳುವುದು ಬೆಳಕಿನಲ್ಲಿ. ಫಲ ಕಟ್ಟುವುದು ಕತ್ತಲೆಯಲ್ಲಿ. ಹೂ ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಕಡ್ಡಿಯೊಂದು ನೆಲಕ್ಕಿಳಿದು ಮಣ್ಣಿನೊಳಗೆ ಕಾಯಾಗುತ್ತದೆ. ತಾಯಿಬೇರು ಹೀರಿದ ಸುಣ್ಣದ ಅಂಶ ನೀರಿನೊಡನೆ ಎಲೆಗೆ ಏರಿಬಿಡುತ್ತದೆ. ಅಲ್ಲಿಂದ ಮರಳಿ ಕಾಯಿಗೆ ಇಳಿಯುವುದಿಲ್ಲ. ಕೂಸು ತನ್ನ ಪಾಲಿನ ಸುಣ್ಣವನ್ನು ಸುತ್ತಲಿನ ಮಣ್ಣಿನಿಂದ ತಾನೇ ಹೀರಿಕೊಳ್ಳಬೇಕು. ಮಣ್ಣಿನಲ್ಲಿ ಅದಿಲ್ಲದಿದ್ದರೆ ಸಿಪ್ಪೆ ಬೆಳೆಯುತ್ತದೆ, ಬೀಜ ಬೆಳೆಯುವುದಿಲ್ಲ.

ಸೂಪರ್ ಫಾಸ್ಫೇಟ್ ಹಾಕುತ್ತಿದ್ದ ಕಾಲದಲ್ಲಿ ರಂಜಕದ ಜತೆಗೆ ಸುಣ್ಣವೂ ಗಂಧಕವೂ ಕೇಳದೆಯೇ ಹೊಲ ಸೇರುತ್ತಿದ್ದವು. ಡಿಎಪಿಯಲ್ಲಿ ಅವೆರಡೂ ಇಲ್ಲ. 2009ರಲ್ಲಿ ಕರ್ನಾಟಕ ಸರ್ಕಾರ ಇಕ್ರಿಸ್ಯಾಟ್ ಸಂಸ್ಥೆಯೊಡನೆ ಆರಂಭಿಸಿದ ‘ಭೂಚೇತನ’ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ, ಒಣಭೂಮಿಯ ಅನೇಕ ಹೊಲಗಳಿಗೆ ಗಂಧಕ, ಸತು, ಬೋರಾನ್‌ಗಳ ಕೊರತೆಯಿರುವುದು ಕಂಡುಬಂದಿತು. ಬೋರಾನಿನ ಕೊರತೆಯಂತೂ ಮಹಾ ಕಪಟಿ. ಬೀಜ ಹೊರಗೆ ದುಂಡಗಿರುತ್ತದೆ. ಬೇಳೆ ಬಿಡಿಸಿದರೆ ನಡುವೆ ಕಂದುಗಟ್ಟಿದ ಕುಳಿ.

ಈ ಸಲ ರೈತನ ಮಗ ಮಣ್ಣು ಪರೀಕ್ಷೆ ಮಾಡಿಸಿ, ಹೂ ಬಿಡುವ ವೇಳೆಗೆ ಎಕರೆಗೆ 200 ಕಿಲೋ ಜಿಪ್ಸಂ ಸುರಿದು ಬುಡಕ್ಕೆ ಮಣ್ಣೇರಿಸಿದನಂತೆ. ಅದರಲ್ಲಿ ಸುಣ್ಣವೂ ಉಂಟು, ಗಂಧಕವೂ ಉಂಟು.

“ಗೋಡೆಗೆ ಬಳಿಯೋದನ್ನ ಹೊಲಕ್ಕೆ ಹಾಕ್ತೀಯಲ್ಲೋ ಅಂತ ಜಗಳ ಆಡಿದ್ದೆ ಸ್ವಾಮಿ. ಅವನ ಜತೆ ಎರಡು ದಿನ ಮಾತೇ ಬಿಟ್ಟಿದ್ದೆ.”

“ಓಲೆ?” ಎಂದು ರಾಯರು ಕೇಳಿದರು.

“ಈ ರಾಶಿ ಕರಗಿದರೆ ಬಿಡಿಸಬೇಕು.”

ರಾಯರು ಇನ್ನೆರಡು ಸೇರು ಅಳೆಸಿಕೊಂಡರು. ಚೌಕಾಸಿ ಮಾಡಲಿಲ್ಲ, ಅವರನ್ನು ಬಲ್ಲವರಿಗೆ ಇದು ಸಣ್ಣ ಸಂಗತಿಯಲ್ಲ.