ಉಡುತಡಿಯ ಹಾದಿಯಲ್ಲಿ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಶಿರಾಳಕೊಪ್ಪವೆಂಬ ಪೇಟೆಯ ಊರಿದೆ. ಅದರ ಆಸುಪಾಸಿನ ಕೆಲವೇ ಮೈಲಿಗಳೊಳಗೆ ತಾಳಗುಂದ, ಬಳ್ಳಿಗಾವಿ, ಉಡುತಡಿ ಎಂಬ ಮೂರು ಗ್ರಾಮಗಳಿವೆ. ಇತಿಹಾಸದ ವಿದ್ಯಾರ್ಥಿಗಳು ತಾಳಗುಂದಕ್ಕೂ, ಶಿಲ್ಪಕಲೆಯ ಅಭಿಮಾನಿಗಳು ಬಳ್ಳಿಗಾವಿಗೂ, ಭಕ್ತರು ಉಡುತಡಿಗೂ ಹೋಗಿ ಹಿಂದಿರುಗುವುದು ವಾಡಿಕೆ. ನಾವು ಮೂರನ್ನೂ ಒಂದೇ ದಿನದಲ್ಲಿ ನೋಡಿದೆವು. ಹಾಗೆ ನೋಡಿದಾಗ ಒಂದು ಸಂಗತಿ ಮನಸ್ಸಿಗೆ ತಟ್ಟಿತು. ತಮ್ಮ ಬಾಳಿನ ದಿಕ್ಕನ್ನೇ ತಿರುಗಿಸುವ ನಿರ್ಧಾರವನ್ನು ಕೈಗೊಂಡ ಮೂವರು ಮಹನೀಯರು ಈ ಪುಟ್ಟ ಸೀಮೆಗೆ ಸೇರಿದವರು.

ತಾಳಗುಂದವನ್ನು ಬೆಳಗಿನ ಹೊತ್ತೇ ನೋಡಬೇಕು. ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲಿನ ಸ್ತಂಭದ ಮೇಲೆ ಉದ್ದುದ್ದವಾಗಿ ಕೊರೆದಿರುವ ಅಕ್ಷರಗಳು ಓರೆ ಬಿಸಿಲಿನಲ್ಲಿ ಎದ್ದು ಕಾಣುತ್ತವೆ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನವಿದು. ವೇದಾಧ್ಯಯನಕ್ಕೆಂದು ತಾತ ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನು ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಕಲಹವಾಗಿ, ದರ್ಭೆ ಹಿಡಿದ ಕೈಯಲ್ಲಿ ಖಡ್ಗ ಹಿಡಿದನೆಂದು ಅದು ಹೇಳುತ್ತದೆ. ನಮ್ಮ ಜನ ಈ ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸಿಟ್ಟಿನಿಂದ ರಾಜ್ಯ ಕಟ್ಟಿದನೆಂದು ಮಕ್ಕಳಿಗೆ ಹೇಳುತ್ತಾರೆ. ಶಾಸನ ಮುಂದುವರಿಯುತ್ತದೆ. ಅವನು ಗಡಿಕಾವಲಿನವರನ್ನು ಸೋಲಿಸಿ, ಶ್ರೀಪರ್ವತದ ದುರ್ಗಮವಾದ ಅಡವಿಯನ್ನು ಸೇರಿ, ಬೃಹದ್ಬಾಣರಿಂದ ಕಪ್ಪ ಪಡೆದು ಬಲಗೊಂಡನು. ಕೊನೆಗೆ ಕಂಚಿಯ ಅರಸರೇ ಅವನೊಡನೆ ಸ್ನೇಹ ಬೆಳೆಸಿದರು. ಸಿಟ್ಟು ಒಂದು ಗಳಿಗೆಯದು. ಉಳಿದುದೆಲ್ಲವೂ ಸಿದ್ಧತೆ.

ಇದನ್ನು ವಿವರಿಸುವಾಗ ನಮ್ಮೊಡನೆ ಬಂದಿದ್ದ ತಮ್ಮನ ಮಗಳು ಗಮನವಿಟ್ಟು ಕೇಳುತ್ತಿದ್ದಳು. ಅವಳಿಗೆ ಕಾರಣವಿತ್ತು. ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕಿಯಾಗಿರುವ ಅವಳಿಗೆ ಹಾವೇರಿ ಕಡೆಯ ಒಳ್ಳೆಯ ಮನೆತನದ ಸಂಬಂಧ ಕೂಡಿಬಂದಿತ್ತು. ಹುಡುಗ ಅವಳಿಗೂ ಒಪ್ಪಿಗೆಯಾಗಿದ್ದ. ಆದರೆ ನಿಶ್ಚಿತಾರ್ಥಕ್ಕೆ ಮೊದಲೇ, ನಮ್ಮ ಮನೆಯ ಸೊಸೆಯಂದಿರು ನೌಕರಿಗೆ ಹೋಗುವ ಪದ್ಧತಿಯಿಲ್ಲ, ರಾಜೀನಾಮೆ ಕೊಡಬೇಕೆಂದು ಅವರು ಹೇಳಿಕಳುಹಿಸಿದ್ದರು. ಎಂಟು ದಿನಗಳಲ್ಲಿ ಉತ್ತರ ಹೇಳಬೇಕಿತ್ತು. ಅವಳ ಸಂಬಳದಿಂದಲೇ ತಮ್ಮನ ಇಂಜಿನಿಯರಿಂಗ್ ಓದು ನಡೆದಿತ್ತು. ಒಪ್ಪಿದರೆ ಕೆಲಸ ಹೋಯಿತು, ಒಪ್ಪದಿದ್ದರೆ ಅಪ್ಪನ ಮಾತು ಹೋಯಿತು ಎಂದು ಅವಳು ನಿದ್ದೆಗೆಟ್ಟಿದ್ದಳು. ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಇಂಥ ಸಂಕಟ ಹೊಸದೇನಲ್ಲ.

ಬಳ್ಳಿಗಾವಿಯಲ್ಲಿ ತ್ರಿಕೂಟವಾದ ಕೇದಾರೇಶ್ವರ ದೇವಾಲಯ, 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇವುಗಳನ್ನು ನೋಡುವುದರಲ್ಲಿಯೇ ಮಧ್ಯಾಹ್ನವಾಯಿತು. ಇಲ್ಲಿನ ಕೋಡಿಯ ಮಠದಲ್ಲಿ ನಾನಾ ದರ್ಶನಗಳ ಅಧ್ಯಯನವೂ, ಹಸಿದವರಿಗೆ ಅನ್ನವೂ, ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದುದನ್ನು 1162ರ ಶಾಸನ ವರ್ಣಿಸುತ್ತದೆ. ಅಲ್ಲಮಪ್ರಭುಗಳು ಈ ಊರಿನವರು. ಮದ್ದಳೆ ನುಡಿಸುತ್ತಿದ್ದ ಅವರು ಪ್ರಿಯೆ ಕಮಲತೆಯ ಮರಣದಿಂದ ಕಂಗೆಟ್ಟು ಅಲೆದು, ಅನಿಮಿಷಯ್ಯನಿಂದ ಲಿಂಗವನ್ನು ಪಡೆದರೆಂದು ಹರಿಹರ ಕವಿ ಹೇಳುತ್ತಾನೆ. ದುಃಖವೇ ದಾರಿ ತೋರಿದ ಬಗೆಯಿದು. ಇದನ್ನು ಯಾರೂ ಯಾರಿಗೂ ಕಲಿಸಲಾರರು.

ಉಡುತಡಿ ಚಿಕ್ಕ ಊರು. ಇತ್ತೀಚಿನ ವರ್ಷಗಳಲ್ಲಿ ಇಲ್ಲಿ ಅಕ್ಕಮಹಾದೇವಿಯ ಎತ್ತರವಾದ ಪ್ರತಿಮೆ ನಿಂತಿದೆ. ಎಲ್ಲರೂ ಅದರ ಮುಂದೆ ನಿಂತು ಕೈಮುಗಿದ ಮೇಲೆ ನಮ್ಮ ಹುಡುಗಿ ಮೆಲ್ಲನೆ ಕೇಳಿದಳು: "ದೊಡ್ಡಪ್ಪ, ಅರಮನೆ ಬಿಟ್ಟು ಹೊರಡುವಾಗ ಅಕ್ಕನಿಗೆ ಭಯವೇ ಆಗಲಿಲ್ಲವೇ?"

ನಾವು ಬೇವಿನ ಮರದ ನೆರಳಿಗೆ ಸರಿದು ಕುಳಿತೆವು. ಅಕ್ಕನ ವಿವಾಹದ ವಿಷಯದಲ್ಲಿ ಕವಿಗಳು ಒಂದೇ ಮಾತು ಹೇಳುವುದಿಲ್ಲ. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಮದುವೆಯೇ ನಡೆಯುವುದಿಲ್ಲ. ಹರಿಹರನ ರಗಳೆಯಲ್ಲಿ ಅಕ್ಕ ತಂದೆತಾಯಿಗಳ ಸಂಕಟವನ್ನು ಕಂಡು ಕೌಶಿಕನಿಗೆ ಒಪ್ಪುತ್ತಾಳೆ, ಆದರೆ ಕರಾರು ಹಾಕಿ ಒಪ್ಪುತ್ತಾಳೆ. ಲಿಂಗಪೂಜೆಯಲ್ಲಿ, ಶರಣರ ಸಂಗದಲ್ಲಿ, ಗುರುಸೇವೆಯಲ್ಲಿ ತನ್ನ ಇಚ್ಛೆಗೆ ಅಡ್ಡಿಯಿರಬಾರದು. ಮೀರಿದರೆ ಮೂರು ತಪ್ಪುಗಳವರೆಗೆ ಸೈರಿಸುವೆನು. ಕೌಶಿಕ ಒಪ್ಪಿದ, ಮತ್ತೆ ಮೀರಿದ. ಮೂರನೆಯ ತಪ್ಪು ನಡೆದಾಗ ಅವಳು ಹೊಸದಾಗಿ ಯೋಚಿಸಬೇಕಾದ್ದೇನೂ ಉಳಿದಿರಲಿಲ್ಲ.

"ಭಯವಾಗಿತ್ತೋ ಇಲ್ಲವೋ ನಮಗೆ ಹೇಗೆ ತಿಳಿಯಬೇಕು, ತಾಯಿ?" ಎಂದೆವು. "ಹೊರಟ ದಿನ ಅವಳು ತೀರ್ಮಾನಿಸಿದ್ದಲ್ಲ. ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಬಿಡಲಾಗದು ಎಂಬುದನ್ನು ಒಪ್ಪುವ ಮೊದಲೇ ತೀರ್ಮಾನಿಸಿದ್ದಳು. ಎದುರಿನವನಿಗೂ ತಿಳಿಸಿದ್ದಳು."

ಅವಳು ಬಹಳ ಹೊತ್ತು ಮಾತಾಡಲಿಲ್ಲ. ನಮ್ಮ ಮನೆಯವರು ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಬಡಿಸಿದರು. ಉಣ್ಣುತ್ತ ನಮಗೆ ಮತ್ತೊಂದು ವಿಚಾರ ಹೊಳೆಯಿತು. ಉಡುತಡಿಯ ಅಕ್ಕ ಕಲ್ಯಾಣದ ಮೂಲಕ ಹೋದದ್ದು ಶ್ರೀಶೈಲದ ಕದಳಿಗೆ. ಮಯೂರಶರ್ಮ ಅಡಗಿ ಬಲಗೊಂಡ ಶ್ರೀಪರ್ವತವೂ ವಿದ್ವಾಂಸರ ಪ್ರಕಾರ ಆ ಶ್ರೀಶೈಲವೇ. ನೆರೆಹೊರೆಯ ಊರುಗಳ ಇಬ್ಬರು, ಸುಮಾರು ಎಂಟುನೂರು ವರ್ಷಗಳ ಅಂತರದಲ್ಲಿ, ಒಂದೇ ಅಡವಿಯನ್ನು ಹೊಕ್ಕರು. ಒಬ್ಬನು ರಾಜ್ಯ ಪಡೆಯಲು, ಇನ್ನೊಬ್ಬಳು ಅರಮನೆಯನ್ನು ತೊರೆದು.

ಸಂಜೆ ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ಬಸ್ಸು ತಡವಾಯಿತು. ಹುಡುಗಿ ಚೀಲದಿಂದ ಶಾಲೆಯ ದಿನಚರಿ ಪುಸ್ತಕ ತೆಗೆದು ಹಿಂದಿನ ಹಾಳೆಯಲ್ಲಿ ಏನನ್ನೋ ಬರೆದು ನಮಗೆ ತೋರಿಸಿದಳು. ಕೂಡುಕುಟುಂಬದಲ್ಲಿ ಇರುವೆನು, ಆ ಜಿಲ್ಲೆಗೆ ವರ್ಗಾವಣೆಗೆ ಅರ್ಜಿ ಹಾಕುವೆನು, ಅದು ಬರುವವರೆಗೆ ರಜೆ ಹಾಕಿ ಮನೆಯಲ್ಲಿರಲೂ ಸಿದ್ಧ. ಇವು ಮೇಲಿನ ಸಾಲುಗಳು. ಕೆಳಗೆ ಗೆರೆ ಎಳೆದು ಎರಡೇ ಮಾತು: ರಾಜೀನಾಮೆ ಕೊಡುವುದಿಲ್ಲ, ತಮ್ಮನ ಓದು ಮುಗಿಯುವವರೆಗೆ ಅರ್ಧ ಸಂಬಳ ತವರಿಗೆ.

"ಇದನ್ನು ಅಪ್ಪನಿಗೆ ನೀವು ಹೇಳುತ್ತೀರಾ, ದೊಡ್ಡಪ್ಪ?" ಎಂದಳು. ನಾವು ಉತ್ತರಿಸುವ ಮೊದಲೇ, "ಬೇಡ, ನಾನೇ ಹೇಳುತ್ತೇನೆ" ಎಂದು ಪುಸ್ತಕವನ್ನು ಮಡಚಿ ಚೀಲಕ್ಕಿಟ್ಟಳು. ಅಷ್ಟರಲ್ಲಿ ಬಸ್ಸು ಬಂತು.