ವೀಸಾದಲ್ಲಿ ಏನು ಕೆಲಸ ಅಂತ ಬರೆದಿದೆ?

ಕುಷ್ಟಗಿ, ಯಲಬುರ್ಗಾ ಕಡೆಯಿಂದ ಗೋವಾ, ಮಂಗಳೂರಿಗೆ ದುಡಿಯಲು ಹೋದವರು ಮೇಸ್ತ್ರಿ ಸರಿಯಿಲ್ಲ ಅನ್ನಿಸಿದರೆ ಮರುದಿನವೇ ಇನ್ನೊಬ್ಬನ ಹತ್ತಿರ ಕೆಲಸಕ್ಕೆ ನಿಲ್ಲಬಹುದು. (ಮುಂಗಡ ತಗೊಂಡಿದ್ದರೆ ಆ ಮಾತು ಬೇರೆ.) ಸೌದಿಯಲ್ಲಿ ಹಾಗಲ್ಲ. ಇಕಾಮಾ ಕಾರ್ಡು, ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ, ವೀಸಾ ಕೊಟ್ಟ ಕಫೀಲನಿಗೆ (ಪ್ರಾಯೋಜಕ ಮಾಲೀಕನಿಗೆ) ಅಂಟಿಕೊಂಡಿರುತ್ತದೆ. ಹೇಳದೆ ಕೇಳದೆ ಬಿಟ್ಟು ಹೋದರೆ ಅವನು 'ಹುರೂಬ್' ಹಾಕಿಸುತ್ತಾನೆ, ಅಂದರೆ ಆಳು ಪರಾರಿ ಅಂತ ಸರ್ಕಾರಕ್ಕೆ ದೂರು.

2021ರ ಮಾರ್ಚ್ 14ರಿಂದ ನಿಯಮ ಸಡಿಲಾಗಿದೆ, ನಿಜ. ಕಂಪನಿಯಲ್ಲಿ ಒಂದು ವರ್ಷ ದುಡಿದವರು ನೋಟಿಸ್ ಕೊಟ್ಟು, ಮಾಲೀಕನ ಒಪ್ಪಿಗೆ ಇಲ್ಲದೆಯೂ ಸೌದಿ ಸರ್ಕಾರದ 'ಕೀವಾ' ಪೋರ್ಟಲ್ ಮೂಲಕ ಬೇರೆ ಕಡೆ ಸೇರಬಹುದು. ಇದನ್ನು ಕೇಳಿ ನಮ್ಮ ಹುಡುಗರು, "ಬ್ಯಾಡಾದ್ರ ಬ್ಯಾರೆ ಕಡೆ ಹೋದ್ರಾತು ಬಿಡಣ್ಣ" ಅಂತಾರೆ. ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಯಾಕಂದರೆ ಆ ಸಡಿಲಿಕೆಯಲ್ಲಿ ಮನೆ ಡ್ರೈವರ್, ಮನೆಗೆಲಸದವರು, ತೋಟದ ಮಾಲಿ, ಕುರಿ ಕಾಯುವವರು ಸೇರಿಲ್ಲ. ಹತ್ತನೇ ಇಯತ್ತೆ ಪಾಸಾಗದ, ಡ್ರೈವಿಂಗ್ ಲೈಸೆನ್ಸ್ ಒಂದನ್ನೇ ನಂಬಿದ ಹುಡುಗನಿಗೆ ಸಿಗೋದು ಇಂಥ ಕೆಲಸವೇ. ಹೆಚ್ಚು ರಕ್ಷಣೆ ಬೇಕಾದವರನ್ನೇ ಹೊರಗಿಟ್ಟದ್ದು ಅನ್ಯಾಯ.

ಆದರೂ ಒಂದು ದಾರಿ ಇದೆ: ಕಫೀಲ ಮೂರು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ ಮನೆಗೆಲಸದವರೂ ಅವನ ಒಪ್ಪಿಗೆಯಿಲ್ಲದೆ ಬೇರೆ ಕಡೆ ಹೋಗಬಹುದು. ಅದಕ್ಕೆ ಪುರಾವೆ ಬೇಕು, ಸಂಬಳ ಬ್ಯಾಂಕಿಗೇ ಹಾಕಿಸಿಕೊಳ್ಳಿ ತಮ್ಮಾ. ಏಜೆಂಟನ ಕೈಗೆ ದುಡ್ಡು ಕೊಡುವ ಮೊದಲು ವೀಸಾದಲ್ಲಿ ಬರೆದ ಕೆಲಸದ ಹೆಸರು ಓದಿಸಿಕೊಳ್ಳಿ. ಕರಾರುಪತ್ರ, ಇಕಾಮಾ ಎರಡರ ಫೋಟೋ ಮನೆಯವರ ವಾಟ್ಸಾಪಿಗೆ ಕಳಿಸಿಡಿ. ತೊಂದರೆಯಾದರೆ ರಿಯಾದ್‌ನಲ್ಲಿ ಭಾರತದ ರಾಯಭಾರ ಕಚೇರಿ, ಜಿದ್ದಾದಲ್ಲಿ ಕಾನ್ಸುಲೇಟ್ ಇದೆ. ಊರಿನಲ್ಲಿರುವ ಅಪ್ಪ-ಅವ್ವನೂ ಭಾರತ ಸರ್ಕಾರದ 'ಮದದ್' ಪೋರ್ಟಲ್‌ನಲ್ಲಿ ದೂರು ಹಾಕಬಹುದು.