ಊರು ಬಿಟ್ಟವರ ಪಾಸ್‌ಬುಕ್

ದಾವಣಗೆರೆಯಿಂದ ಜಗಳೂರಿನ ಬಸ್ಸು ಹತ್ತಿದರೆ ದಾರಿಯಲ್ಲಿ ಬಿಳಿಚೋಡು ಸಿಗುತ್ತದೆ. ಜಗಳೂರು ತಾಲ್ಲೂಕಿನ ಹೋಬಳಿ ಕೇಂದ್ರ. ಮಳೆಗಾಲದಲ್ಲಿ ಹೋದರೆ ರಸ್ತೆಯ ಎರಡೂ ಬದಿ ಮೆಕ್ಕೆಜೋಳ, ಅಲ್ಲಲ್ಲಿ ಈರುಳ್ಳಿ. ಬೇಸಿಗೆಯಲ್ಲಿ ಹೋದರೆ ಅದೇ ಹೊಲ ಬರೀ ಮಣ್ಣು.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಾನು ಈ ಸೀಮೆಯಲ್ಲಿ ಕೆಲವು ವರ್ಷ ಇದ್ದೆ. ಬರ ಬಂದದ್ದು ನಮಗೆ ಕೌಂಟರಿನಲ್ಲೇ ತಿಳಿಯುತ್ತಿತ್ತು. ಇದ್ದಷ್ಟು ದುಡ್ಡು ತೆಗೆದುಕೊಂಡು, ಗಂಟು ಕಟ್ಟಿ, ಜನ ಕಾಫಿ ಸೀಮೆಗೋ ಬೆಂಗಳೂರಿಗೋ ಗುಳೆ ಹೊರಡುತ್ತಿದ್ದರು. ಹಾಗೆ ಬಂದ ಅಜ್ಜನೊಬ್ಬನನ್ನು, “ಖಾತೆ ಮುಚ್ಚಿಬಿಡಲಾ ಯಜಮಾನ್ರೇ?” ಎಂದು ಕೇಳಿದೆ.

“ಬ್ಯಾಡ ಸಾರ್, ಹತ್ತು ರೂಪಾಯಿ ಅದರಾಗೇ ಇರ್ಲಿ. ಊರು ಬ್ಯಾಸರಾಗಿ ಹೋಗ್ತಿಲ್ಲ, ನೀರಿಲ್ಲ ಅಂತ ಹೋಗ್ತಿದೀವಿ.”

ಬೇಸರಕ್ಕೆ ಯಾರೂ ಊರು ಬಿಡುವುದಿಲ್ಲ ಎಂದು ಅಂದು ಕಲಿತೆ. ಗೊಣಗುತ್ತಲೇ ಎಪ್ಪತ್ತು ವರ್ಷ ಒಂದೇ ಜಗಲಿಯಲ್ಲಿ ಕೂತವರಿದ್ದಾರೆ. ಕೊಳವೆಬಾವಿ ಬತ್ತಿ ಸಾಲ ಉಳಿದಾಗ, ಮಕ್ಕಳ ಮುಂದಿನ ಓದಿಗೆ ದಾರಿ ಕಾಣದಾಗ, ಊರಲ್ಲೇ ಉಳಿದ ಹುಡುಗನಿಗೆ ಹೆಣ್ಣು ಸಿಗದಾಗ ಕಾಲು ಬಸ್‌ಸ್ಟ್ಯಾಂಡಿನ ಕಡೆ ತಿರುಗುತ್ತದೆ. ಮುಂದಿನ ವರ್ಷ ಸರಿಹೋದೀತು ಎಂಬ ನಂಬಿಕೆ ಇರುವವರೆಗೆ ಮನುಷ್ಯ ತಾಳುತ್ತಾನೆ.

ಈಚೆಗೆ ಬಿಳಿಚೋಡಿನಲ್ಲಿ ಇಳಿದಾಗ ಚಹಾ ಅಂಗಡಿಯ ತಾಯಿ ತಮ್ಮ ಮಗನ ಸುದ್ದಿ ಹೇಳಿದರು. ನೀರಿಲ್ಲವೆಂದು ಊರು ಬಿಟ್ಟ ಹುಡುಗ ಬೆಂಗಳೂರಿನಲ್ಲಿ 2024ರ ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತಿದ್ದನಂತೆ! “ವಾಪಸ್ ಬರ್ಲೇನಮ್ಮ ಅಂತಾನೆ. ಏನಂತ ಹೇಳ್ಲಿ?” ಎಂದರು.

ನನ್ನಲ್ಲೂ ಉತ್ತರವಿರಲಿಲ್ಲ. ಹರಿಹರದ ಕಡೆಯಿಂದ ತುಂಗಭದ್ರೆಯ ನೀರನ್ನು ಪೈಪಿನಲ್ಲಿ ತಂದು ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆಯ ಮಾತು ತೆಗೆದೆ. ಆ ತಾಯಿಯ ಮುಖ ಅರಳಿತು. “ಕೆರೆ ತುಂಬಿದ್ರೆ ಬಾವಿಗೂ ನೀರು ಬರ್ತದೆ ಸಾರ್. ಆವಾಗ ಬಾರಪ್ಪ ಅಂತೀನಿ.”

ಬಸ್ಸು ಬಂತು. ಸೀಟಿನಲ್ಲಿ ಕೂತಾಗ ಆ ಅಜ್ಜನ ಪಾಸ್‌ಬುಕ್ ನೆನಪಾಯಿತು. ಬ್ಯಾಂಕಿನ ಲೆಕ್ಕದಲ್ಲಿ ಅದು ಹತ್ತೇ ರೂಪಾಯಿ. ಅಜ್ಜನ ಲೆಕ್ಕದಲ್ಲಿ, ತಿರುಗಿ ಬರುವ ಬಸ್ ಚಾರ್ಜು.